ಸಂಜೆಯ ಬೆಳ್ಳಿ, ಶುಕ್ರನ ನೆಲ ಮತ್ತು ಮರಡಿಹಳ್ಳಿಯ ಕಲ್ಲು

ವಿಜ್ಞಾನ ಶಿಕ್ಷಕಿ, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಪಶ್ಚಿಮದಲ್ಲಿ ಹೊಳೆಯತೊಡಗುವ ದೊಡ್ಡ ಬೆಳಕನ್ನು ಕುರಿತು ನಮ್ಮ ತಾಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಬಗೆಬಗೆಯ ಮಾತುಗಳು ಹರಿದಾಡುತ್ತಿವೆ. ಡಿ.ಆರ್.ಡಿ.ಒ. ಪರೀಕ್ಷಾ ವಲಯ ಹತ್ತಿರದಲ್ಲೇ ಇರುವುದರಿಂದ ಅದು ರಾತ್ರಿ ಹಾರಾಟದ ಡ್ರೋನ್ ಎಂದು ಕೆಲವರು ಖಚಿತವಾಗಿ ಹೇಳುತ್ತಿದ್ದಾರೆ. ಅದು ಶುಕ್ರ ಗ್ರಹ, ನಮ್ಮ ಹಿರಿಯರು ಬೆಳ್ಳಿ ಎಂದು ಕರೆಯುತ್ತಿದ್ದುದೇ, ಎಂದು ನಾನು ಶಾಲೆ ತೆರೆದ ವಾರದಲ್ಲಿ ಮಕ್ಕಳಿಗೆ ತಿಳಿಸಿದೆ.

ಅದರ ನಂತರ ಬಂದ ಪ್ರಶ್ನೆಗಳು ಪಠ್ಯಪುಸ್ತಕದ ಎರಡು ಸಾಲಿಗೆ ನಿಲ್ಲುವಂಥವಲ್ಲ. ಬೆಳಗಿನ ಜಾವ ಕಾಣುವ ಬೆಳ್ಳಿ ಈಗ ಸಂಜೆ ಏಕೆ ಕಾಣುತ್ತಿದೆ, ನಡುರಾತ್ರಿಯಲ್ಲಿ ನೆತ್ತಿಯ ಮೇಲೆ ಅದು ಎಂದೂ ಏಕೆ ಬರುವುದಿಲ್ಲ, ಸೂರ್ಯನಿಗೆ ಇನ್ನೂ ಹತ್ತಿರವಿರುವ ಬುಧನಿಗಿಂತ ಅಲ್ಲಿ ಬಿಸಿ ಹೆಚ್ಚೆನ್ನುವುದು ನಿಜವೇ, ಅಲ್ಲಿನ ದಿನ ಅಲ್ಲಿನ ವರ್ಷಕ್ಕಿಂತ ದೊಡ್ಡದೆಂದರೆ ಏನರ್ಥ, ಇಷ್ಟೆಲ್ಲ ವ್ಯತ್ಯಾಸವಿದ್ದರೂ ಅದನ್ನು ಭೂಮಿಯ ಅವಳಿ ಎಂದು ಕರೆಯುವುದೇಕೆ ಎಂದು ಮಕ್ಕಳು ಕೇಳಿದ್ದಾರೆ. ಬಲ್ಲವರು ಸಾವಕಾಶವಾಗಿ, ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ಜಾತಕಫಲದ ವಾದವನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಹವ್ಯಾಸಿ ಖಗೋಳ ವೀಕ್ಷಕ, ಚಿತ್ರದುರ್ಗ

ಡ್ರೋನ್ ಎನ್ನುವವರಿಗೆ ಹತ್ತು ನಿಮಿಷ ಸಾಕು, ಮೇಡಂ. ಮನೆಯ ಮಾಳಿಗೆಯಲ್ಲಿ ಒಂದೇ ಜಾಗದಲ್ಲಿ ನಿಂತು, ಆ ಬೆಳಕನ್ನು ಒಂದು ವಿದ್ಯುತ್ ಕಂಬದ ಅಥವಾ ಗೋಡೆಯ ಅಂಚಿಗೆ ಹೊಂದಿಸಿ ನೋಡಲಿ. ಅದು ಉಳಿದ ನಕ್ಷತ್ರಗಳೊಂದಿಗೆ ನಿಧಾನವಾಗಿ ಕೆಳಗಿಳಿಯುತ್ತದೆ, ಸೂರ್ಯಾಸ್ತವಾಗಿ ಎರಡು ಗಂಟೆ ಕಳೆದ ಮೇಲೆ ಮುಳುಗುತ್ತದೆ, ಮರುದಿನ ಅದೇ ಹೊತ್ತಿಗೆ ಹೆಚ್ಚುಕಡಿಮೆ ಅದೇ ಸ್ಥಳದಲ್ಲಿ ಮತ್ತೆ ಕಾಣುತ್ತದೆ. ಯಾವ ಡ್ರೋನೂ ಇಷ್ಟು ಶಿಸ್ತಿನಿಂದ ತಿಂಗಳುಗಟ್ಟಲೆ ಹಾರುವುದಿಲ್ಲ. ಬೈಕಿನಲ್ಲಿ ಹೋಗುವಾಗ ಅದು ನಮ್ಮನ್ನು ಹಿಂಬಾಲಿಸಿದಂತೆ ತೋರುವುದಕ್ಕೆ ಅದರ ದೂರವೇ ಕಾರಣ. ಹತ್ತಿರದ ಮರಗಳು ಹಿಂದೆ ಸರಿಯುತ್ತವೆ, ಅದು ಸರಿಯುವುದಿಲ್ಲ. ದಿಗಂತಕ್ಕೆ ಇಳಿದಾಗ ಕೆಂಪು, ಹಸಿರು ಮಿನುಗಿದಂತೆ ಕಂಡರೆ ಅದು ನಮ್ಮ ಗಾಳಿಯ ಕೆಲಸ. ಜೂನ್ 9ರ ಸುಮಾರಿಗೆ ಗುರು ಗ್ರಹವೂ ಅದರ ಪಕ್ಕದಲ್ಲೇ ಕಾಣಲಿರುವುದರಿಂದ "ಎರಡು ಡ್ರೋನ್" ಎಂಬ ಸುದ್ದಿ ಹುಟ್ಟುವ ಮೊದಲೇ ನಿಮ್ಮ ಗುಂಪಿನಲ್ಲಿ ಒಂದು ಮಾತು ಹಾಕಿಬಿಡಿ.

ಇನ್ನು ಸಂಜೆ ಮತ್ತು ಮುಂಜಾವಿನ ವಿಷಯ. ಶುಕ್ರ ಸೂರ್ಯನಿಂದ ಸರಾಸರಿ 10.8 ಕೋಟಿ ಕಿಲೋಮೀಟರ್ ದೂರದಲ್ಲಿದೆ, ನಾವು ಸುಮಾರು 15 ಕೋಟಿಯಲ್ಲಿದ್ದೇವೆ. ಅಂದರೆ ಅದರ ಹಾದಿ ನಮ್ಮ ಹಾದಿಯ ಒಳಗಡೆ ಇದೆ. ಚಳ್ಳಕೆರೆಯವರಿಗೆ ಗಾಣದ ಪರಿಚಯವಿರುತ್ತದೆ ಎಂದುಕೊಂಡಿದ್ದೇನೆ. ಗಾಣ ಸುತ್ತುವ ಎತ್ತನ್ನು ಹೊರಗೆ ನಿಂತು ನೋಡುವವನಿಗೆ ಅದು ಒಮ್ಮೆ ಗಾಣದ ಎಡಕ್ಕೂ ಒಮ್ಮೆ ಬಲಕ್ಕೂ ಕಾಣುತ್ತದೆಯೇ ಹೊರತು ಅವನ ಬೆನ್ನ ಹಿಂದೆ ಎಂದೂ ಬರುವುದಿಲ್ಲ. ನಡುರಾತ್ರಿಯಲ್ಲಿ ನಾವು ಸೂರ್ಯನಿಗೆ ಬೆನ್ನು ಮಾಡಿ ನಿಂತಿರುತ್ತೇವೆ, ಆದ್ದರಿಂದ ಆ ಹೊತ್ತಿನಲ್ಲಿ ಶುಕ್ರ ಕಾಣುವುದು ಅಸಾಧ್ಯ. ನಮ್ಮ ದೃಷ್ಟಿಯಲ್ಲಿ ಅದು ಸೂರ್ಯನಿಂದ ಹೆಚ್ಚೆಂದರೆ 47 ಡಿಗ್ರಿಯಷ್ಟು ಮಾತ್ರ ದೂರ ಸರಿಯಬಲ್ಲದು. ಸೂರ್ಯಾಸ್ತದ ನಂತರ ಅಥವಾ ಸೂರ್ಯೋದಯದ ಮೊದಲು ಸುಮಾರು ಮೂರು ಗಂಟೆಗಿಂತ ಹೆಚ್ಚು ಕಾಲ ಅದು ಸಿಗುವುದಿಲ್ಲ.

ಈ ಸಲದ ಲೆಕ್ಕ ಹೀಗಿದೆ. 2026ರ ಆಗಸ್ಟ್ 15ರಂದು ಅದು ಸೂರ್ಯನಿಂದ ಅತಿ ದೂರ ಸರಿದಿರುತ್ತದೆ. ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಅತ್ಯಂತ ಪ್ರಕಾಶಮಾನವಾಗಿರುತ್ತದೆ. ಅಕ್ಟೋಬರ್ 24ರಂದು ಭೂಮಿ ಮತ್ತು ಸೂರ್ಯರ ನಡುವೆ ಹಾಯ್ದು, ನವೆಂಬರಿನಲ್ಲಿ ಪೂರ್ವ ದಿಕ್ಕಿನ ಬೆಳಗಿನ ಜಾವದ ಬೆಳ್ಳಿಯಾಗುತ್ತದೆ. ಇದರ ಮಧ್ಯೆ ಒಂದು ವಿಚಿತ್ರವಿದೆ. ದೂರದರ್ಶಕದಲ್ಲಿ ನೋಡಿದರೆ ಶುಕ್ರನಿಗೂ ಚಂದ್ರನಂತೆ ಕಲೆಗಳಿವೆ, ಅಂದರೆ ಅದರ ಬೆಳಗಿದ ಭಾಗ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. 1610ರಲ್ಲಿ ಗೆಲಿಲಿಯೊ ಇದನ್ನು ಕಂಡದ್ದೇ ಗ್ರಹಗಳು ಸೂರ್ಯನನ್ನು ಸುತ್ತುತ್ತವೆ ಎನ್ನುವುದಕ್ಕೆ ದೊಡ್ಡ ಆಧಾರವಾಯಿತು. ಆದರೆ ಪೂರ್ತಿ ಬಿಂಬ ಬೆಳಗಿರುವಾಗ ಶುಕ್ರ ಸೂರ್ಯನ ಆಚೆ ಬದಿಯಲ್ಲಿ ಬಹು ದೂರವಿರುವುದರಿಂದ ಚಿಕ್ಕದಾಗಿರುತ್ತದೆ, ಹತ್ತಿರ ಬಂದಾಗ ಬೆಳಗಿದ ಭಾಗ ಕಿರಿದಾದರೂ ಬಿಂಬ ಹಲವು ಪಟ್ಟು ದೊಡ್ಡದಾಗಿರುತ್ತದೆ. ಹಾಗಾಗಿ ಅದು ಅತ್ಯಂತ ಹೊಳೆಯುವುದು ಬಿದಿಗೆ ತದಿಗೆಯ ಚಂದ್ರನಂತೆ ಕೊರೆಯಾಗಿರುವಾಗ. ಅಕ್ಟೋಬರ್ ಮೊದಲ ವಾರದಲ್ಲಿ ಸಾಧಾರಣ ಬೈನಾಕ್ಯುಲರ್‌ನಲ್ಲಿಯೂ ಈ ಕೊರೆಯನ್ನು ಮಕ್ಕಳಿಗೆ ತೋರಿಸಬಹುದು. ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಬೈನಾಕ್ಯುಲರ್ ಎತ್ತಬೇಕು, ಇದರಲ್ಲಿ ರಾಜಿ ಬೇಡ.

ಪಂಚಾಂಗ ನೋಡುವವರು, ಹರಿಹರ

ಫಲದ ಮಾತು ಆಡುವುದಿಲ್ಲ, ತಾಯಿ. ಗಣಿತದ ಮಾತನ್ನಷ್ಟೇ ಸೇರಿಸುತ್ತೇನೆ. ಪಂಚಾಂಗದಲ್ಲಿ ಶುಕ್ರಾಸ್ತ ಎಂದು ಬರೆದು, ಆ ದಿನಗಳಲ್ಲಿ ಮದುವೆ ಮುಂಜಿಗಳನ್ನು ಇಟ್ಟುಕೊಳ್ಳದಿರುವ ರೂಢಿ ನಮ್ಮ ಕಡೆ ಇಂದಿಗೂ ಇದೆ. ಅದು ಮೇಲಿನವರು ಹೇಳಿದ ಚಲನೆಯೇ. ಶುಕ್ರ ಸೂರ್ಯನ ಆಚೆಗೆ ಹೋದಾಗ ಅದು ಸುಮಾರು ಎರಡು ತಿಂಗಳ ಹತ್ತಿರ ಕಣ್ಣಿಗೆ ಬೀಳುವುದಿಲ್ಲ, ಈಚೆಯಿಂದ ಹಾಯುವಾಗ ಒಂದೆರಡು ವಾರದೊಳಗೆ ಮತ್ತೊಂದು ದಿಕ್ಕಿನಲ್ಲಿ ಉದಯಿಸುತ್ತದೆ. ಒಂದು ಅಸ್ತ ಉದ್ದ, ಇನ್ನೊಂದು ಗಿಡ್ಡ ಏಕೆಂದು ಕೇಳುವವರಿಗೆ ಇದೇ ಉತ್ತರ. ಎಂಟು ವರ್ಷದ ಹಿಂದಿನ ಪಂಚಾಂಗವನ್ನು ತೆಗೆದು ನೋಡಿದರೆ ಶುಕ್ರನ ಅಸ್ತೋದಯಗಳು ಒಂದೆರಡು ದಿನದ ವ್ಯತ್ಯಾಸದಲ್ಲಿ ಮರುಕಳಿಸಿರುತ್ತವೆ.

ಹವ್ಯಾಸಿ ಖಗೋಳ ವೀಕ್ಷಕ, ಚಿತ್ರದುರ್ಗ

ಹೌದು, ಸ್ವಾಮಿ. ಶುಕ್ರ ಒಮ್ಮೆ ನಮ್ಮನ್ನು ಹಾಯ್ದು ಮತ್ತೆ ಹಾಯಲು 584 ದಿನ ಬೇಕು, ಅಂತಹ ಐದು ಸುತ್ತು ಸೇರಿದರೆ 2,920 ದಿನ, ಅದು ನಮ್ಮ ಎಂಟು ವರ್ಷಕ್ಕೆ ಎರಡು ದಿನವಷ್ಟೇ ಕಡಿಮೆ. 2018ರಲ್ಲಿ ಅದು ಹಾಯ್ದದ್ದು ಅಕ್ಟೋಬರ್ 26ರಂದು, ಈ ವರ್ಷ 24ರಂದು. ಸೂರ್ಯಬಿಂಬದ ಮೇಲೆ ಶುಕ್ರ ಕರಿಚುಕ್ಕೆಯಾಗಿ ದಾಟಿದ ಸಂಕ್ರಮಗಳೂ ಇದೇ ಲೆಕ್ಕದಲ್ಲಿ ಜೋಡಿಯಾಗಿ ಬಂದವು: 2004ರ ಜೂನ್ 8, 2012ರ ಜೂನ್ 6. ಎರಡನ್ನೂ ನಮ್ಮ ಜಿಲ್ಲೆಯಿಂದ ನೋಡಬಹುದಾಗಿತ್ತು. ಮುಂದಿನದು 2117ರ ಡಿಸೆಂಬರ್, ಅದಕ್ಕೆ ನಾವ್ಯಾರೂ ಕಾಯುವಂತಿಲ್ಲ. 1874ರ ಡಿಸೆಂಬರಿನ ಸಂಕ್ರಮದ ಹೊತ್ತಿಗೆ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿಯವರು ಪಂಚಾಂಗ ಬಲ್ಲವರಿಗೂ ಶಾಲೆ ಕಲಿತವರಿಗೂ ತಿಳಿಯುವಂತೆ ಕಿರುಹೊತ್ತಗೆಯನ್ನೇ ಬರೆದಿದ್ದರು. ಹಳೆಯ ಗಣಿತ ಮತ್ತು ಹೊಸ ದೂರದರ್ಶಕಗಳ ನಡುವೆ ಜಗಳ ಹಚ್ಚದೆ ಕೆಲಸ ಮಾಡಿದ ಅಂಥವರ ಹೆಸರನ್ನು ನಾವು ಇನ್ನೂ ಹೆಚ್ಚು ನೆನೆಯಬೇಕಿತ್ತು.

ಸಂದೇಹವಾದಿ, ಜಗಳೂರು

ಕಣ್ಣಿಗೆ ಕಾಣುವುದನ್ನು ಒಪ್ಪುತ್ತೇನೆ. ಆದರೆ ಅಲ್ಲಿ 460 ಡಿಗ್ರಿ ಬಿಸಿಯಿದೆ, ಆಮ್ಲದ ಮೋಡವಿದೆ ಎಂದೆಲ್ಲ ಬರೆಯುತ್ತಾರಲ್ಲ, ಮನುಷ್ಯರು ಯಾರೂ ಹೋಗಿ ಬಾರದ ಜಾಗದ ಬಿಸಿಯನ್ನು ಅಷ್ಟು ಕರಾರುವಾಕ್ಕಾಗಿ ಹೇಳುವುದು ಹೇಗೆ? ಚಿತ್ರಗಳಲ್ಲಿ ತೋರಿಸುವ ಕಿತ್ತಳೆ ಬಣ್ಣದ ಬೆಟ್ಟಗಳನ್ನು ಯಾರು ಕಂಡರು?

ಭೌತಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಸಂದೇಹ ಸರಿಯಾಗಿಯೇ ಇದೆ, ಏಕೆಂದರೆ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ವಿದ್ವಾಂಸರಿಗೂ ತಿಳಿದಿರಲಿಲ್ಲ. ಮೋಡದ ಕೆಳಗೆ ಜೌಗು ಕಾಡಿರಬಹುದೆಂದು ಊಹಿಸಿದವರೂ ಇದ್ದರು. 1956ರಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದವರು ಶುಕ್ರನಿಂದ ಬರುವ ಮೂರು ಸೆಂಟಿಮೀಟರ್ ತರಂಗದ ರೇಡಿಯೊ ವಿಕಿರಣವನ್ನು ಅಳೆದಾಗ, ಅಷ್ಟು ವಿಕಿರಣ ಹೊರಬರಬೇಕಾದರೆ ಆ ಮೂಲ 300 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು ಎಂಬ ಲೆಕ್ಕ ಬಂತು. ಆ ಬಿಸಿ ನೆಲದ್ದೋ ಮೇಲಿನ ವಾಯುಮಂಡಲದ್ದೋ ಎಂಬ ಜಗಳವನ್ನು 1962ರ ಡಿಸೆಂಬರ್ 14ರಂದು ಶುಕ್ರನ ಪಕ್ಕದಲ್ಲಿ ಹಾದುಹೋದ ಮ್ಯಾರಿನರ್ 2 ನೌಕೆ ಬಹುಮಟ್ಟಿಗೆ ತೀರಿಸಿತು: ಬಿಸಿ ಕೆಳಗಿನದೇ.

ಮುಟ್ಟಿ ನೋಡಿದವರು ಸೋವಿಯತ್ ಒಕ್ಕೂಟದವರು. ಆರಂಭದ ನೌಕೆಗಳು ಇಳಿಯುವ ದಾರಿಯಲ್ಲೇ ಒತ್ತಡಕ್ಕೆ ನಜ್ಜುಗುಜ್ಜಾದವು. 1970ರ ಡಿಸೆಂಬರ್ 15ರಂದು ವೆನೆರಾ 7 ನೆಲ ಮುಟ್ಟಿ, ಕ್ಷೀಣವಾದ ಸಂಕೇತವನ್ನು 23 ನಿಮಿಷ ಕಳುಹಿಸಿತು; ಬೇರೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊದಲ ಮಾಹಿತಿ ಅದು. 1975ರ ಅಕ್ಟೋಬರಿನಲ್ಲಿ ವೆನೆರಾ 9 ಮೊದಲ ಚಿತ್ರ ಕಳುಹಿಸಿತು. 1982ರ ಮಾರ್ಚ್ 1ರಂದು ಇಳಿದ ವೆನೆರಾ 13 ಕೇವಲ 32 ನಿಮಿಷ ಬದುಕಲೆಂದು ರೂಪಿಸಿದ ಯಂತ್ರ, ಅದು 127 ನಿಮಿಷ ತಡೆದುಕೊಂಡಿತು, ಬಣ್ಣದ ಚಿತ್ರಗಳನ್ನೂ ಕೊಟ್ಟಿತು. ನೀವು ಕೇಳಿದ ಕಿತ್ತಳೆ ಬಣ್ಣ ಅಲ್ಲಿಂದ ಬಂದದ್ದು, ಆದರೆ ಅದು ಕಲ್ಲಿನ ಬಣ್ಣವಲ್ಲ. ದಟ್ಟ ಗಾಳಿ ನೀಲಿ ಬೆಳಕನ್ನು ತಡೆದು ಕೆಂಪನ್ನು ಮಾತ್ರ ನೆಲಕ್ಕೆ ಬಿಡುತ್ತದೆ. ಅದೇ ಕಲ್ಲನ್ನು ಇಲ್ಲಿ ತಂದಿಟ್ಟರೆ ಬೂದು ಬಣ್ಣದ್ದಾಗಿ ಕಾಣುತ್ತದೆ. ನಾಲ್ಕು ದಿನದ ನಂತರ ಇಳಿದ ವೆನೆರಾ 14ರ ಕಥೆ ತುಸು ದುಃಖದ ಹಾಸ್ಯ. ನೆಲದ ಗಡಸುತನವನ್ನು ಅಳೆಯಬೇಕಾಗಿದ್ದ ಅದರ ತೋಳು ಸರಿಯಾಗಿ ಕ್ಯಾಮೆರಾದಿಂದ ಕಳಚಿ ಬಿದ್ದ ಮುಚ್ಚಳದ ಮೇಲೆಯೇ ಊರಿ, ಶುಕ್ರನ ನೆಲದ ಬದಲು ತನ್ನದೇ ಮುಚ್ಚಳವನ್ನು ಅಳೆಯಿತು.

ಈ ಯಂತ್ರಗಳ ಅಳತೆಗಳು ಒಂದಕ್ಕೊಂದು ಹೊಂದುತ್ತವೆ. ನೆಲದ ಮೇಲೆ ಸುಮಾರು 465 ಡಿಗ್ರಿ ಸೆಲ್ಸಿಯಸ್. ಸೀಸ 327ಕ್ಕೇ ಕರಗುತ್ತದೆ. ಒತ್ತಡ ನಮ್ಮ ವಾಯುಮಂಡಲದ ಸುಮಾರು 92 ಪಟ್ಟು, ಅಂದರೆ ಸಮುದ್ರದಲ್ಲಿ 900 ಮೀಟರ್‌ಗಿಂತ ಆಳಕ್ಕೆ ಇಳಿದಷ್ಟು. ಗಾಳಿಯಲ್ಲಿ ಶೇಕಡಾ 96.5 ಇಂಗಾಲದ ಡೈಆಕ್ಸೈಡ್, ಉಳಿದದ್ದು ಬಹುತೇಕ ಸಾರಜನಕ. ಗಂಧಕಾಮ್ಲದ ಮೋಡಗಳು ಸುಮಾರು 48ರಿಂದ 70 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳಿಂದ ಉದುರುವ ಆಮ್ಲದ ಹನಿ ನೆಲ ತಲುಪುವ ಬಹಳ ಮೊದಲೇ ಆವಿಯಾಗುತ್ತದೆ. ನೆಲದ ಮೇಲೆ ಆಮ್ಲದ ಮಳೆ ಸುರಿಯುತ್ತದೆ ಎಂದು ಬರೆಯುವವರು ಇದನ್ನು ಗಮನಿಸಬೇಕು.

ಬುಧನೊಂದಿಗಿನ ಹೋಲಿಕೆಯಲ್ಲಿ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಎಡವುವ ಒಂದು ಸಂಗತಿ ಇದೆ. ಸೂರ್ಯನಿಗೆ ಹತ್ತಿರವಾದ್ದರಿಂದ ಶುಕ್ರ ಬಿಸಿ ಎಂದು ಅವರು ಬರೆಯುತ್ತಾರೆ. ಶುಕ್ರನಿಗೆ ನಮಗಿಂತ ಸುಮಾರು 1.9 ಪಟ್ಟು ಬಿಸಿಲು ಬೀಳುವುದು ನಿಜ. ಆದರೆ ಅದರ ಮೋಡಗಳು ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಎಸೆದುಬಿಡುತ್ತವೆ, ಅದು ನಮಗೆ ಅಷ್ಟು ಹೊಳೆದು ಕಾಣುವುದಕ್ಕೂ ಅದೇ ಕಾರಣ. ಹೀಗೆ ಕಳೆದು ನೋಡಿದರೆ ಶುಕ್ರ ಹೀರಿಕೊಳ್ಳುವ ಬಿಸಿಲು ಪ್ರತಿ ಚದರ ಮೀಟರಿಗೆ ಭೂಮಿ ಹೀರಿಕೊಳ್ಳುವುದಕ್ಕಿಂತ ಕಡಿಮೆ! ಇಷ್ಟು ಕಡಿಮೆ ಆದಾಯದಲ್ಲಿ ಅದು ಅಷ್ಟು ಬಿಸಿಯಾಗಿ ಉಳಿಯುವುದಕ್ಕೆ ಕಾರಣ ಹೊರಹೋಗುವ ಶಾಖಕ್ಕೆ ಇರುವ ಅಡ್ಡಿ. ನೆಲದಿಂದ ಹೊರಡುವ ಅವಕೆಂಪು ವಿಕಿರಣವನ್ನು ಇಂಗಾಲದ ಡೈಆಕ್ಸೈಡು, ಗಂಧಕದ ಅನಿಲಗಳು, ಅಳಿದುಳಿದ ನೀರಾವಿ ಮತ್ತು ಮೋಡಗಳು ಸೇರಿ ಹಂತಹಂತವಾಗಿ ಹೀರಿ ಮತ್ತೆ ಕೆಳಕ್ಕೂ ಸೂಸುತ್ತವೆ. ಬುಧನಲ್ಲಿ ವಾಯುಮಂಡಲ ಇಲ್ಲವೆನ್ನಬಹುದು, ಆದ್ದರಿಂದ ಹಗಲಿನಲ್ಲಿ 430 ಡಿಗ್ರಿ ಮುಟ್ಟುವ ನೆಲ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗಿಳಿಯುತ್ತದೆ. ಶುಕ್ರನಲ್ಲಿ ಹಗಲು, ಇರುಳು, ಸಮಭಾಜಕ, ಧ್ರುವ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿ.

ಸಂದೇಹವಾದಿ, ಜಗಳೂರು

ಹೀರುವ ಬಿಸಿಲು ನಮಗಿಂತ ಕಡಿಮೆ ಎನ್ನುವುದು ನನಗೆ ಹೊಸದು. ಧನ್ಯವಾದಗಳು ಸರ್.

ಪದವಿ ವಿದ್ಯಾರ್ಥಿನಿ, ಹೊನ್ನಾಳಿ

ದಿನ ಮತ್ತು ವರ್ಷದ ಪ್ರಶ್ನೆಗೆ ನಾನು ಪ್ರಯತ್ನಿಸುತ್ತೇನೆ, ತಪ್ಪಿದ್ದರೆ ಹಿರಿಯರು ತಿದ್ದಬೇಕು. ಶುಕ್ರ ಸೂರ್ಯನನ್ನು ಸುತ್ತಲು ಸುಮಾರು 225 ಭೂದಿನ ತೆಗೆದುಕೊಳ್ಳುತ್ತದೆ, ತನ್ನ ಅಕ್ಷದ ಮೇಲೆ ಒಂದು ಸುತ್ತು ಮುಗಿಸಲು 243 ದಿನ. ಈ ಅರ್ಥದಲ್ಲಿ ದಿನ ವರ್ಷಕ್ಕಿಂತ ದೊಡ್ಡದು. ಆದರೆ ಅದು ಉಳಿದ ಬಹುತೇಕ ಗ್ರಹಗಳಿಗೆ ವಿರುದ್ಧವಾದ ದಿಕ್ಕಿನಲ್ಲಿ ತಿರುಗುವುದರಿಂದ, ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯಕ್ಕೆ ಬೇಕಾಗುವ ಕಾಲ ಸುಮಾರು 117 ಭೂದಿನ ಮಾತ್ರ. ಹಾಗಾಗಿ ಅಲ್ಲಿ ನಿಂತವರ ಲೆಕ್ಕದಲ್ಲಿ ವರ್ಷಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ ದಿನಗಳು, ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಮೋಡದಿಂದಾಗಿ ಸೂರ್ಯಬಿಂಬ ಕಾಣುವುದಿಲ್ಲ ಎನ್ನುವುದು ಬೇರೆ ಮಾತು. ನೆಲ ಇಷ್ಟು ನಿಧಾನವಾಗಿ ತಿರುಗಿದರೂ ಮೇಲಿನ ಮೋಡಗಳು ಗಂಟೆಗೆ ಸುಮಾರು 360 ಕಿಲೋಮೀಟರ್ ವೇಗದಲ್ಲಿ ಓಡಿ ನಾಲ್ಕೇ ದಿನದಲ್ಲಿ ಗ್ರಹವನ್ನು ಸುತ್ತುತ್ತವೆ. 2010ರಲ್ಲಿ ಕಕ್ಷೆ ಸೇರಲಾಗದೆ, ಐದು ವರ್ಷ ಸೂರ್ಯನನ್ನು ಸುತ್ತಿ, 2015ರ ಡಿಸೆಂಬರ್ 7ರಂದು ಸಣ್ಣ ಎಂಜಿನುಗಳ ಬಲದಿಂದಲೇ ಶುಕ್ರನನ್ನು ಸೇರಿದ ಜಪಾನಿನ ಅಕಾತ್ಸುಕಿ ನೌಕೆ ಈ ಗಾಳಿಯನ್ನೇ ಹೆಚ್ಚಾಗಿ ಅಧ್ಯಯನ ಮಾಡಿತು.

ವಿಷಯಕ್ಕೆ ಹೊಂದುವ ಇನ್ನೊಂದು ಸಂಗತಿ. ಶುಕ್ರನ ಮೇಲಿನ ಬೆಟ್ಟ, ಕುಳಿಗಳಿಗೆ ಬಹುತೇಕ ಮಹಿಳೆಯರ ಮತ್ತು ದೇವಿಯರ ಹೆಸರಿಡುತ್ತಾರೆ. ಲಕ್ಷ್ಮಿಯ ಹೆಸರಿನ ಪ್ರಸ್ಥಭೂಮಿ ಇದೆ, ಅದರ ಅಂಚಿನಲ್ಲಿ ಸುಮಾರು 11 ಕಿಲೋಮೀಟರ್ ಎತ್ತರದ ಮ್ಯಾಕ್ಸ್‌ವೆಲ್ ಪರ್ವತ ಇದೆ. ಅದು ಮಾತ್ರ ಪುರುಷ ವಿಜ್ಞಾನಿಯ ಹೆಸರು. ವೈದ್ಯೆ ಆನಂದಿಬಾಯಿ ಜೋಶಿಯವರ ಹೆಸರಿನಲ್ಲಿ ಒಂದು ಕುಳಿ ಇದೆ, ನಮ್ಮ ನೆರೆಯ ಶಿವಮೊಗ್ಗದಲ್ಲಿ ಹುಟ್ಟಿದ ವೈದ್ಯೆ ಜೆರೂಷಾ ಝಿರಾಡ್ ಅವರ ಹೆಸರಿನಲ್ಲೂ ಒಂದು ಇದೆ. ಶಿಕ್ಷಕಿಯವರು ಇದನ್ನು ಹೆಣ್ಣುಮಕ್ಕಳಿಗೆ ಹೇಳಬಹುದು.

ವಿಜ್ಞಾನ ಶಿಕ್ಷಕಿ, ಚಳ್ಳಕೆರೆ

ಖಂಡಿತ ಹೇಳುತ್ತೇನೆ. ಅವಳಿ ಎನ್ನುವ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ. ವ್ಯಾಸದಲ್ಲಿ ಶುಕ್ರ 12,104 ಕಿಲೋಮೀಟರ್, ಭೂಮಿ 12,742. ತೂಕದಲ್ಲಿ ಭೂಮಿಯ ಶೇಕಡಾ 81. ಗುರುತ್ವ ನಮ್ಮ ಹತ್ತರಲ್ಲಿ ಒಂಬತ್ತು ಪಾಲು. ಹುಟ್ಟಿದ್ದು ಒಂದೇ ಧೂಳಿನ ತಟ್ಟೆಯಿಂದ. ಇಷ್ಟೆಲ್ಲ ಸಮಾನವಿದ್ದರೂ ಒಂದರಲ್ಲಿ ಮಾತ್ರ ಅಷ್ಟು ಇಂಗಾಲದ ಡೈಆಕ್ಸೈಡ್ ಹೇಗೆ ತುಂಬಿಕೊಂಡಿತು ಎಂದು ಒಬ್ಬ ಹುಡುಗ ಕೇಳಿದ್ದಾನೆ.

ನಿವೃತ್ತ ಭೂವಿಜ್ಞಾನಿ, ಹೊಸದುರ್ಗ

ಆ ಹುಡುಗನ ಪ್ರಶ್ನೆಯೇ ಈ ಇಡೀ ಚರ್ಚೆಯ ತಿರುಳು ಎಂದು ನನಗನಿಸುತ್ತದೆ. ಉತ್ತರವನ್ನು ಆಕಾಶಕ್ಕಿಂತ ಮೊದಲು ನಮ್ಮ ಜಿಲ್ಲೆಯ ನೆಲದಲ್ಲಿ ಹುಡುಕಬೇಕು, ಏಕೆಂದರೆ ಭೂಮಿಯ ಬಳಿಯೂ ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಇದೆ. ವ್ಯತ್ಯಾಸವೆಂದರೆ ನಮ್ಮದು ಗಾಳಿಯಲ್ಲಿಲ್ಲ, ಕಲ್ಲಿನಲ್ಲಿದೆ. ಮಳೆಯ ನೀರು ಗಾಳಿಯಲ್ಲಿನ ಈ ಅನಿಲವನ್ನು ಕರಗಿಸಿಕೊಂಡು ಸೌಮ್ಯ ಆಮ್ಲವಾಗುತ್ತದೆ, ಬಂಡೆಗಳನ್ನು ನಿಧಾನವಾಗಿ ಸವೆಸಿ ಅವುಗಳ ಕ್ಯಾಲ್ಸಿಯಂ ಅಂಶವನ್ನು ಹೊತ್ತು ಸಮುದ್ರ ಸೇರುತ್ತದೆ, ಅಲ್ಲಿ ಅದು ಸುಣ್ಣಕಲ್ಲಾಗಿ ತಳಕ್ಕೆ ಕೂರುತ್ತದೆ. ಹೊಸದುರ್ಗ ತಾಲೂಕಿನ ಮತ್ತೋಡು ಕಡೆ, ವಾಣಿವಿಲಾಸ ಸಾಗರದ ಆಸುಪಾಸಿನಲ್ಲಿ ಸಿಗುವ ಪುರಾತನ ಸುಣ್ಣಕಲ್ಲು ಮತ್ತು ಡಾಲಮೈಟ್ ಹೀಗೆ ಬಂಧಿತವಾದ ಗಾಳಿಯೇ. ಅದನ್ನು ಭಟ್ಟಿಯಲ್ಲಿ ಸುಟ್ಟರೆ ಆ ಅನಿಲ ಮತ್ತೆ ಹೊರಬರುತ್ತದೆ.

ಈ ಕೆಲಸಕ್ಕೆ ನೀರು ಬೇಕು. ನಮ್ಮಲ್ಲಿ ಅದು ಎಷ್ಟು ಹಿಂದಿನಿಂದ ಇದೆ ಎಂದು ಕೇಳುವವರು ಮರಡಿಹಳ್ಳಿಗೆ ಹೋಗಬೇಕು. ಚಿತ್ರದುರ್ಗದ ಆಗ್ನೇಯಕ್ಕಿರುವ ಆ ಊರಿನ ಬಳಿ ದುಂಡಗೆ, ಒಂದರ ಮೇಲೊಂದು ಒತ್ತಿಕೊಂಡಂತಿರುವ ಹಸಿರುಗಪ್ಪು ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ದಿಂಬು ಲಾವಾ ಎಂದು ಕರೆಯುವ ಈ ರೂಪ ಬರುವುದು ಲಾವಾ ನೀರಿನ ಕೆಳಗೆ ಹೊರಚಿಮ್ಮಿದಾಗ ಮಾತ್ರ: ನೀರು ತಗುಲಿದ ಕೂಡಲೇ ಹೊರಮೈ ಹೆಪ್ಪುಗಟ್ಟುತ್ತದೆ, ಒಳಗಿನ ಬಿಸಿರಸ ಸಿಪ್ಪೆಯನ್ನು ಒಡೆದು ಪಕ್ಕಕ್ಕೆ ಮತ್ತೊಂದು ಗುಂಡಾಗಿ ಉಬ್ಬುತ್ತದೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಇಂದು ಮಳೆಗಾಗಿ ಮುಗಿಲು ನೋಡುವ ನಮ್ಮ ಬಯಲುಸೀಮೆಯ ಮೇಲೆ ಅಂದು ಸಮುದ್ರವಿತ್ತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಮಕ್ಕಳನ್ನು ಕರೆದೊಯ್ಯಿರಿ, ಆದರೆ ಚೂರು ಕಿತ್ತು ತರಲು ಬಿಡಬೇಡಿ. ಆ ಹುಚ್ಚು ದೊಡ್ಡವರಲ್ಲೇ ಹೆಚ್ಚಾಗಿದೆ.

ಈಗ ಶುಕ್ರನಿಗೆ ಬನ್ನಿ. ಅಲ್ಲಿಯೂ ಲಾವಾ ಧಾರಾಳವಾಗಿದೆ. 1990ರಿಂದ 1994ರವರೆಗೆ ಮೆಜೆಲ್ಲನ್ ನೌಕೆ ಮೋಡವನ್ನು ಭೇದಿಸುವ ರಾಡಾರ್‌ನಿಂದ ನೆಲದ ಶೇಕಡಾ 98 ಭಾಗದ ನಕ್ಷೆ ತೆಗೆಯಿತು, ಅದರಲ್ಲಿ ಬಹುಪಾಲು ಜ್ವಾಲಾಮುಖಿಗಳ ಬಯಲು. 1991ರ ಫೆಬ್ರವರಿ ಮತ್ತು ಅಕ್ಟೋಬರ್‌ನಲ್ಲಿ ತೆಗೆದ ಚಿತ್ರಗಳನ್ನು 2023ರಲ್ಲಿ ಹೋಲಿಸಿ ನೋಡಿದವರಿಗೆ ಮಾತ್ ಪರ್ವತದ ಒಂದು ಬಾಯಿ ಆ ಎಂಟು ತಿಂಗಳಲ್ಲಿ ಆಕಾರ ಬದಲಿಸಿ, ಸುಮಾರು 2.2 ಚದರ ಕಿಲೋಮೀಟರಿನಿಂದ 4ಕ್ಕೆ ಹಿಗ್ಗಿದ್ದು ಕಂಡಿತು. ಜ್ವಾಲಾಮುಖಿಗಳು ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತಲೇ ಇರುತ್ತವೆ. ನಮ್ಮಲ್ಲಿ ಅದನ್ನು ಮತ್ತೆ ಕಲ್ಲಿಗೆ ಇಳಿಸಲು ಮಳೆ, ಸಮುದ್ರಗಳಿವೆ. ಶುಕ್ರನಲ್ಲಿ ಇಳಿಸುವವರಿಲ್ಲ, ಆದ್ದರಿಂದ ಎಲ್ಲವೂ ಗಾಳಿಯಲ್ಲೇ ಉಳಿಯಿತು.

ಸಂದೇಹವಾದಿ, ಜಗಳೂರು

ಹಾಗಾದರೆ ಶುಕ್ರನಲ್ಲಿ ಮೊದಲಿನಿಂದಲೂ ನೀರಿರಲಿಲ್ಲವೇ, ಇದ್ದದ್ದು ಹೋಯಿತೇ? ಹೋಗಿದ್ದರೆ ಎಲ್ಲಿಗೆ?

ಭೌತಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಇತ್ತು ಎನ್ನುವುದಕ್ಕೆ ಒಂದು ಬಲವಾದ ಗುರುತಿದೆ. ಸಾಧಾರಣ ಜಲಜನಕದ ಜೊತೆಗೆ ಪ್ರಕೃತಿಯಲ್ಲಿ ಅದರ ಎರಡು ಪಟ್ಟು ತೂಗುವ ಡ್ಯುಟೀರಿಯಂ ಕೂಡ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. 1978ರಲ್ಲಿ ಶುಕ್ರನ ಗಾಳಿಗೆ ಇಳಿದ ಪಯೋನಿಯರ್ ವೀನಸ್ ಶೋಧಕ, ಅಲ್ಲಿ ಭಾರದ ಜಲಜನಕದ ಪಾಲು ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚಿರುವುದನ್ನು ಕಂಡಿತು. ಸೂರ್ಯನ ನೇರಳಾತೀತ ಕಿರಣ ನೀರಾವಿಯನ್ನು ಒಡೆಯುತ್ತದೆ, ಹಗುರವಾದ ಜಲಜನಕ ಬಾಹ್ಯಾಕಾಶಕ್ಕೆ ಪಾರಾಗುತ್ತದೆ, ಭಾರದ್ದು ಹೆಚ್ಚಾಗಿ ಹಿಂದುಳಿಯುತ್ತದೆ. ಹಿಂದುಳಿದವರ ಪಾಲು ಅಷ್ಟು ಹೆಚ್ಚಾಗಿರಬೇಕಾದರೆ ಹೊರಟುಹೋದವರ ಸಂಖ್ಯೆ ಬಹಳ ದೊಡ್ಡದಿರಬೇಕು.

ಆ ನೀರು ಎಂದಾದರೂ ಕಡಲಾಗಿ ನಿಂತಿತ್ತೇ ಎನ್ನುವುದರಲ್ಲಿ ಮಾತ್ರ ವಿದ್ವಾಂಸರು ಎರಡು ಪಾಲಾಗಿದ್ದಾರೆ. ನಿಧಾನ ತಿರುಗುವ ಗ್ರಹದ ಹಗಲಿನ ಬದಿಯಲ್ಲಿ ದಟ್ಟ ಮೋಡ ಕವಿದು ನೆರಳು ಕೊಡುವುದರಿಂದ ನೂರಾರು ಕೋಟಿ ವರ್ಷ ಅಲ್ಲಿ ಸಮುದ್ರವಿದ್ದಿರಬಹುದು ಎಂದು 2016ರ ಒಂದು ಗಣಕ ಮಾದರಿ ಹೇಳಿತು. ಹುಟ್ಟಿದಾಗಿನ ಉಗಿ ತಣಿದು ಮಳೆಯಾಗುವ ಅವಕಾಶವೇ ಅಲ್ಲಿ ಬರಲಿಲ್ಲ ಎಂದು 2021ರ ಇನ್ನೊಂದು ಮಾದರಿ ತೋರಿಸಿತು. ಕೊನೆಯ ಹಂತದಲ್ಲಿ ಇಬ್ಬರೂ ಒಂದೇ ಕಡೆ ಸೇರುತ್ತಾರೆ: ನೀರಾವಿಯೇ ಶಾಖ ಹಿಡಿಯುವ ಅನಿಲವಾದ್ದರಿಂದ ಹೆಚ್ಚು ಆವಿ ಹೆಚ್ಚು ಬಿಸಿಯನ್ನೂ, ಹೆಚ್ಚು ಬಿಸಿ ಇನ್ನಷ್ಟು ಆವಿಯನ್ನೂ ತಂದಿತು.

ಇದನ್ನು ಓದಿ ನಾಳೆಯೇ ಭೂಮಿಯೂ ಶುಕ್ರನಾಗುತ್ತದೆ ಎಂದು ಹೆದರಿಸುವ ವಿಡಿಯೊಗಳನ್ನು ನಂಬಬೇಡಿ. ನಮ್ಮ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರ ಆಸುಪಾಸಿನಲ್ಲಿದೆ. ಅದು ಏರುವುದರಿಂದ ನಮ್ಮ ಮಳೆಬೆಳೆಗೆ ಆಗುವ ಹಾನಿ ತಾನೇ ತಾನಾಗಿ ಗಂಭೀರ ವಿಷಯ, ಅದಕ್ಕೆ ಶುಕ್ರನ ಗುಮ್ಮನನ್ನು ತೋರಿಸುವ ಅಗತ್ಯವಿಲ್ಲ.

ಪದವಿ ವಿದ್ಯಾರ್ಥಿನಿ, ಹೊನ್ನಾಳಿ

ಮೋಡದ ಎತ್ತರದಲ್ಲಿ ಜೀವಿಗಳಿರಬಹುದು ಎನ್ನುವ ಸುದ್ದಿ ಏನಾಯಿತು, ಸರ್?

ಭೌತಶಾಸ್ತ್ರ ಉಪನ್ಯಾಸಕ, ದಾವಣಗೆರೆ

2020ರ ಸೆಪ್ಟೆಂಬರಿನಲ್ಲಿ ಜೇನ್ ಗ್ರೀವ್ಸ್ ಮತ್ತು ಸಂಗಡಿಗರು ಭೂಮಿಯಲ್ಲಿ ಕೆಲವು ಸೂಕ್ಷ್ಮಜೀವಿಗಳಿಂದಲೂ ಹುಟ್ಟುವ ಫಾಸ್ಫೀನ್ ಅನಿಲದ ಗುರುತು ಅಲ್ಲಿ ಕಂಡಿತೆಂದು ಪ್ರಕಟಿಸಿದರು. ಅದೇ ದತ್ತಾಂಶವನ್ನು ಮರುಪರಿಶೀಲಿಸಿದ ಬೇರೆ ತಂಡಗಳು ಒಪ್ಪಲಿಲ್ಲ, ವಾದ ಇನ್ನೂ ಮುಗಿದಿಲ್ಲ. ಸುಮಾರು 54 ಕಿಲೋಮೀಟರ್ ಎತ್ತರದಲ್ಲಿ ಒತ್ತಡವೂ ಬಿಸಿಯೂ ನಮ್ಮ ನೆಲದ ಮಟ್ಟಕ್ಕೆ ಸಮೀಪವಾಗುತ್ತವೆ ಎನ್ನುವುದು ನಿಜ. 1985ರಲ್ಲಿ ಸೋವಿಯತ್ ವೇಗಾ ನೌಕೆಗಳು ಬಿಟ್ಟ ಎರಡು ಬಲೂನುಗಳು ಅದೇ ಎತ್ತರದಲ್ಲಿ ಎರಡು ದಿನದ ಹತ್ತಿರ ತೇಲುತ್ತ ಮಾಹಿತಿ ಕಳುಹಿಸಿದವು. ಆದರೆ ಅಲ್ಲಿ ನೀರು ಅತಿ ಕಡಿಮೆ, ಇರುವ ಹನಿಯೆಲ್ಲ ಗಾಢ ಆಮ್ಲ. ನನ್ನ ಮಟ್ಟಿಗೆ ಜೀವದ ಮಾತು ಸದ್ಯಕ್ಕೆ ಬಲು ದೂರ.

ವಿಜ್ಞಾನ ಶಿಕ್ಷಕಿ, ಚಳ್ಳಕೆರೆ

ಶುಕ್ರನಿಗೆ ಹೋಗಲಿರುವ ಇಸ್ರೊ ನೌಕೆಯ ಬಗ್ಗೆ ತಿಳಿದವರು ಒಂದೆರಡು ಸಾಲು ಸೇರಿಸಿದರೆ ಮಕ್ಕಳಿಗೆ ಉಪಯೋಗವಾಗುತ್ತದೆ.

ಹವ್ಯಾಸಿ ಖಗೋಳ ವೀಕ್ಷಕ, ಚಿತ್ರದುರ್ಗ

ಶುಕ್ರ ಪರಿಭ್ರಮಣ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್ 18ರಂದು 1,236 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿತು, ಉಡಾವಣೆಯ ಗುರಿ 2028ರ ಮಾರ್ಚ್. ನೌಕೆ ನೆಲಕ್ಕಿಳಿಯುವುದಿಲ್ಲ, ಕಕ್ಷೆಯಲ್ಲಿದ್ದುಕೊಂಡು ವಾಯುಮಂಡಲವನ್ನೂ, ರಾಡಾರ್ ಮೂಲಕ ನೆಲವನ್ನೂ ಅಧ್ಯಯನ ಮಾಡುತ್ತದೆ.

ನಿವೃತ್ತ ಭೂವಿಜ್ಞಾನಿ, ಹೊಸದುರ್ಗ

ನಾನು ಎದುರು ನೋಡುತ್ತಿರುವ ಉತ್ತರ ಒಂದೇ, ಅದು ಕೋಟೆಯ ಕಲ್ಲಿಗೆ ಸಂಬಂಧಿಸಿದ್ದು. ಚಿತ್ರದುರ್ಗದ ಬೆಟ್ಟಗಳ ಗ್ರಾನೈಟ್ ಸುಮಾರು 260 ಕೋಟಿ ವರ್ಷ ಹಳೆಯದು. ಲಾವಾದಿಂದ ಆದ ಬಸಾಲ್ಟ್ ಎಲ್ಲ ಕಲ್ಲುಗ್ರಹಗಳಲ್ಲೂ ಧಾರಾಳ, ಆದರೆ ಗ್ರಾನೈಟ್ ಖಂಡಗಳಷ್ಟು ದೊಡ್ಡ ಪ್ರಮಾಣದಲ್ಲಿ ಹುಟ್ಟಬೇಕಾದರೆ ನೀರು ಸೇರಿದ ಕಲ್ಲು ಆಳಕ್ಕಿಳಿದು ಮತ್ತೆ ಕರಗಬೇಕೆಂಬುದು ನಮ್ಮ ಶಾಸ್ತ್ರದ ತಿಳಿವಳಿಕೆ. ಶುಕ್ರನ ಮೇಲೆ ಲಾವಾ ಬಯಲಿಗಿಂತ ಹಳೆಯದಾದ, ಅಡ್ಡಾದಿಡ್ಡಿ ಮಡಿಕೆ ಬಿದ್ದ ಕೆಲವು ಎತ್ತರದ ಪ್ರದೇಶಗಳಿವೆ, ಅವನ್ನು ಟೆಸೆರಾ ಎನ್ನುತ್ತಾರೆ. ಅವು ಬಸಾಲ್ಟೋ ಗ್ರಾನೈಟಿನಂಥದ್ದೋ ಎಂದು ಇದುವರೆಗೆ ಇತ್ಯರ್ಥವಾಗಿಲ್ಲ. ವೆನೆರಾ ನೌಕೆಗಳು ಕಲ್ಲನ್ನು ಪರೀಕ್ಷಿಸಿದ್ದು ಬಯಲುಗಳಲ್ಲಿ ಮತ್ತು ಜ್ವಾಲಾಮುಖಿಗಳ ಇಳಿಜಾರಿನಲ್ಲಿ, ಟೆಸೆರಾ ಮೇಲೆ ಯಾವ ಯಂತ್ರವೂ ಇಳಿದಿಲ್ಲ. ನಾಸಾ ರೂಪಿಸುತ್ತಿರುವ ಡಾವಿಂಚಿ ಶೋಧಕ ಆಲ್ಫಾ ರೀಜಿಯೊ ಎಂಬ ಅಂಥದೊಂದು ಪ್ರದೇಶದ ಮೇಲೆ ಇಳಿಯುತ್ತ ಚಿತ್ರ ತೆಗೆಯಬೇಕಿದೆ, ವೆರಿಟಾಸ್ ಮತ್ತು ಯುರೋಪಿನ ಎನ್‌ವಿಷನ್ ನೌಕೆಗಳು ಒಂದು ಮೈಕ್ರಾನ್ ಆಸುಪಾಸಿನ ಅವಕೆಂಪು ತರಂಗದಲ್ಲಿ ಮೋಡದ ಮೂಲಕವೇ ನೆಲವನ್ನು ನೋಡಬೇಕಿದೆ. ಆ ತರಂಗದಲ್ಲಿ ಬಿಸಿಯಾದ ಗ್ರಾನೈಟ್ ಮತ್ತು ಬಸಾಲ್ಟ್ ಬೇರೆ ಬೇರೆ ಪ್ರಮಾಣದಲ್ಲಿ ಹೊಳೆಯುತ್ತವೆ. ಟೆಸೆರಾ ಗ್ರಾನೈಟಿನಂಥದ್ದು ಎಂದು ತಿಳಿದುಬಂದರೆ 2016ರ ಮಾದರಿಯವರ ಕೈ ಮೇಲಾಗುತ್ತದೆ, ಬಸಾಲ್ಟ್ ಎಂದಾದರೆ ಶುಕ್ರನಲ್ಲಿ ಕಡಲಿತ್ತು ಎನ್ನುವವರು ಬೇರೆ ಸಾಕ್ಷಿ ಹುಡುಕಬೇಕಾಗುತ್ತದೆ.